ಕೌಂಟಿ ಚೆಸ್ ಅಂದರೆ ಏನು? 1919–39ರ ಇಂಗ್ಲೆಂಡಿನ ತಂಡದ ಪಂದ್ಯಗಳ ಬಗ್ಗೆ ತಿಳಿದವರು ಹೇಳಿ

ಒಂಟೆಓರೆ · ಸೋಮವಾರ ರಾತ್ರಿ 9:10

ಹೋದ ಭಾನುವಾರ ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕದ ರಾಶಿ ಕೆದಕುತ್ತಿದ್ದೆ. 1920ರ ದಶಕದ ಒಂದಷ್ಟು ಬ್ರಿಟಿಷ್ ಚೆಸ್ ಮ್ಯಾಗಜೀನ್ ಸಂಚಿಕೆಗಳು ಸಿಕ್ಕವು. ಹುಳ ತಿಂದಿದೆ, ಬೆನ್ನು ಕಿತ್ತಿದೆ, ಆದರೂ ಬಿಡೋ ಮನಸ್ಸಾಗಲಿಲ್ಲ. ವಿಶ್ವ ಚಾಂಪಿಯನ್ನರಾದ ಕ್ಯಾಪಾಬ್ಲಾಂಕಾ, ಅಲೆಖೈನ್ ಆಟ ನೋಡೋಣ ಅಂತ ಕೊಂಡದ್ದು. ಮನೆಗೆ ಬಂದು ನೋಡಿದರೆ ಪುಟಗಟ್ಟಲೆ ಬರೀ ಪಟ್ಟಿ! ಎಡಗಡೆ ಒಂದು ಕೌಂಟಿ (ನಮ್ಮ ಜಿಲ್ಲೆಯ ಹಾಗೆ), ಬಲಗಡೆ ಇನ್ನೊಂದು ಕೌಂಟಿ, ಮೇಲಿಂದ ಕೆಳಗೆ ಹೆಸರುಗಳು, ಪಕ್ಕದಲ್ಲಿ 1, 0, ½. ಆಟದ ನಡೆಗಳೇ ಇಲ್ಲ.

ನನ್ನ ಪ್ರಶ್ನೆ ಇಷ್ಟೆ. ಕಟ್ಟಕಡೆಯ ಬೋರ್ಡಿನಲ್ಲಿ ಆಡಿದ ಯಾವನೋ ಗುಮಾಸ್ತನ ಹೆಸರನ್ನೂ ಅಚ್ಚು ಹಾಕುವಷ್ಟು ಮುಖ್ಯವಾಗಿತ್ತಾ ಇದು? ಯಾರು ಓದುತ್ತಿದ್ದರು?

ಕಾಲಾಳು · ಸೋಮವಾರ ರಾತ್ರಿ 9:32

ಆ ಗುಮಾಸ್ತನೇ ಓದುತ್ತಿದ್ದ. ಅವನ ಹೆಂಡತಿ ಕೂಡ ಓದಿರಲಿಕ್ಕಿಲ್ಲ.

ಮಲೆನಾಡಿಗ ಲೀಡ್ಸಿನಲ್ಲಿ · ಸೋಮವಾರ ರಾತ್ರಿ 11:48

ಕಾಲಾಳು ತಮಾಷೆಗೆ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ನಾನು ಇಲ್ಲಿಗೆ ಬಂದು ಹನ್ನೊಂದು ವರ್ಷ. ಈಗಲೂ ಕೌಂಟಿ ಪಂದ್ಯ ಆಡುತ್ತೇನೆ, ಯಾವಾಗಲೂ ಕೆಳಗಿನ ಬೋರ್ಡುಗಳಲ್ಲಿ. ಹಾಗಾಗಿ ಹಳೆಯದನ್ನು ಹುಡುಕಿ ಓದುವ ಚಟ ಅಂಟಿಕೊಂಡಿದೆ. ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ನಮ್ಮವರಿಗೆ ಸುಲಭವಾಗಿ ಅರ್ಥ ಆಗಬೇಕೆಂದರೆ ರಣಜಿ ನೆನೆಸಿಕೊಳ್ಳಿ. ರಣಜಿ ಶುರುವಾದದ್ದು 1934ರ ನವೆಂಬರಿನಲ್ಲಿ, ಚೆಪಾಕಿನಲ್ಲಿ, ಮದ್ರಾಸಿಗೂ ನಮ್ಮ ಮೈಸೂರಿಗೂ. (ಒಂದೇ ದಿನದಲ್ಲಿ ಸೋತು ಕೂತೆವು, ಅದು ಬೇರೆ ವಿಷಯ.) ಮೊದಲು ವಲಯದೊಳಗೆ ಆಡು, ವಲಯ ಗೆದ್ದವರು ಸೆಮಿಫೈನಲಿಗೆ ಬರಲಿ ಅನ್ನುವ ಏರ್ಪಾಡು ಅಲ್ಲಿತ್ತಲ್ಲ, ಇಂಗ್ಲೆಂಡಿನ ಚೆಸ್‌ನಲ್ಲಿ ಅದು ಮೊದಲನೇ ಯುದ್ಧಕ್ಕೂ ಮುಂಚೆಯೇ ಇತ್ತು. ದಕ್ಷಿಣ ಕೌಂಟಿಗಳ ಯೂನಿಯನ್ 1892ರಲ್ಲಿ, ನಡುನಾಡಿನದು 1897ರಲ್ಲಿ, ಉತ್ತರದ್ದು 1899ರಲ್ಲಿ ಹುಟ್ಟಿದವು. ಪಶ್ಚಿಮದವರದ್ದು ಬೇರೆ, ಡೆವನ್, ಕಾರ್ನ್‌ವಾಲ್ ಕಡೆಯವರು. ಇವೆಲ್ಲಕ್ಕೂ ಮೇಲೆ 1904ರಲ್ಲಿ ಬ್ರಿಟಿಷ್ ಚೆಸ್ ಫೆಡರೇಷನ್. ಯೂನಿಯನ್ ಒಳಗೆ ಗೆದ್ದ ಕೌಂಟಿಗಳು ಕೊನೆಗೆ ದೇಶದ ಪಟ್ಟಕ್ಕೆ ಆಡುತ್ತಿದ್ದವು.

ಗಮನಿಸಿ, ಫೆಡರೇಷನ್ ಮೇಲಿನಿಂದ ಇಳಿದು ಬಂದದ್ದಲ್ಲ. ಯೂನಿಯನ್‌ಗಳು ಮೊದಲು, ದೇಶದ ಸಂಸ್ಥೆ ಆಮೇಲೆ. ಫಿಡೆ, ಅಂದರೆ ವಿಶ್ವ ಚೆಸ್ ಸಂಸ್ಥೆ, ಹುಟ್ಟಿದ್ದು 1924ರ ಜುಲೈನಲ್ಲಿ, ಪ್ಯಾರಿಸ್ಸಿನಲ್ಲಿ. ಅಷ್ಟು ಹೊತ್ತಿಗೆ ಕೌಂಟಿಗಳು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಒಂದರ ಜೊತೆ ಒಂದು ಕಾದಾಡಿ ಪಳಗಿದ್ದವು.

ಪಟ್ಟಿಯ ವಿಷಯಕ್ಕೆ ಬರುತ್ತೇನೆ. ಎರಡೂ ತಂಡದವರು ಬಲದ ಕ್ರಮದಲ್ಲಿ ಒಬ್ಬೊಬ್ಬರು ಒಂದೊಂದು ಬೋರ್ಡಿಗೆ ಎದುರುಬದುರು ಕೂರುತ್ತಾರೆ. ಒಂದನೇ ಬೋರ್ಡಿನಲ್ಲಿ ದೇಶದ ಚಾಂಪಿಯನ್ ಗೆದ್ದರೂ ತಂಡಕ್ಕೆ ಸಿಗೋದು ಒಂದೇ ಅಂಕ. ಕೊನೇ ಬೋರ್ಡಿನಲ್ಲಿ ಪಾದ್ರಿಯೊಬ್ಬ ಹೇಗೋ ಒದ್ದಾಡಿ ಗೆದ್ದರೂ ಒಂದೇ ಅಂಕ. ಅಟ್ಕಿನ್ಸ್‌ನಂಥ ಚಾಂಪಿಯನ್ ಒಬ್ಬ ಇದ್ದ ಮಾತ್ರಕ್ಕೆ ಕೌಂಟಿ ಗೆಲ್ಲುವುದಿಲ್ಲ. ಹತ್ತನೆಯವನು, ಹನ್ನೆರಡನೆಯವನು ಎಂಥವರು ಅನ್ನೋದರ ಮೇಲೆ ಹೋಗುತ್ತದೆ ಪಂದ್ಯ. ಹಾಗಿದ್ದ ಮೇಲೆ ಹೆಸರು ಹಾಕದೆ ಇರೋದು ಹೇಗೆ?

ಒಂಟೆಓರೆ · ಮಂಗಳವಾರ ಬೆಳಿಗ್ಗೆ 7:05

ಈಗ ತಲೆಗೆ ಹೋಯಿತು. ಆದರೆ ನನ್ನ ಪಟ್ಟಿಗಳಲ್ಲಿ ಕೆಲವು ಫಲಿತಾಂಶದ ಪಕ್ಕ ಚುಕ್ಕೆ ಗುರುತು ಇದೆ, ಕೆಳಗೆ "ತೀರ್ಪಿನಿಂದ" ಅಂತ ಸಣ್ಣಕ್ಷರ. ಚೆಸ್‌ನಲ್ಲಿ ತೀರ್ಪು ಎಲ್ಲಿಂದ ಬಂತು? ಇದೇನು ಭರತನಾಟ್ಯ ಸ್ಪರ್ಧೆಯಾ?

ಅಂಚೆಪೇಟೆ · ಮಂಗಳವಾರ ಬೆಳಿಗ್ಗೆ 8:20

ಇದಕ್ಕೆ ನಾನೇ ಉತ್ತರ ಕೊಡಬೇಕು, ಯಾಕೆಂದರೆ ನಾನೂ ಸುಟ್ಟುಕೊಂಡವನು.

ಆಗ ಶನಿವಾರ ಅರ್ಧ ದಿನ ಕೆಲಸ. ಮಧ್ಯಾಹ್ನ ಕಚೇರಿ, ಗಿರಣಿ, ಶಾಲೆ ಮುಗಿಸಿ ರೈಲು ಹತ್ತಿ ಬಂದು ಆಡಲು ಕೂರಬೇಕು. ರಾತ್ರಿ ಕಡೇ ರೈಲು ತಪ್ಪಿದರೆ ಪರವೂರಲ್ಲಿ ಗತಿಯಿಲ್ಲ. ಹಾಗಾಗಿ ಕೈಗೆ ಸಿಗುತ್ತಿದ್ದುದು ಮೂರೋ ನಾಲ್ಕೋ ಗಂಟೆ. ಅಷ್ಟರಲ್ಲಿ ಮುಗಿಯದ ಆಟ ಏನು ಮಾಡುವುದು? ಮರುದಿನ ಮುಂದುವರಿಸೋಣ ಅನ್ನಲು ಎಲ್ಲರೂ ಬೇರೆ ಬೇರೆ ಊರಿನವರು. ಅದಕ್ಕೆ ಕಾಯಿಗಳು ನಿಂತ ಸ್ಥಿತಿಯನ್ನು ಕಾಗದದ ಮೇಲೆ ಇಳಿಸಿ, ಒಬ್ಬ ಬಲವಾದ ಆಟಗಾರನಿಗೆ ಕಳಿಸುತ್ತಿದ್ದರು. ಎರಡೂ ಕಡೆಯವರು ಸರಿಯಾಗಿ ಆಡಿದರೆ ಏನಾಗುತ್ತದೆಂದು ಅವನು ನೋಡಿ, ಗೆಲುವು, ಸೋಲು ಅಥವಾ ಡ್ರಾ ಎಂದು ಬರೆದು ಕಳಿಸುವನು. ಅದೇ ಕೊನೆ. ಶನಿವಾರ ರಾತ್ರಿ ಪಂದ್ಯ ಯಾರು ಗೆದ್ದರೆಂದು ಆಟಗಾರರಿಗೇ ತಿಳಿಯದೆ ಮನೆಗೆ ಹೋಗೋದು, ಎಷ್ಟೋ ದಿನ ಆದ ಮೇಲೆ ಕಾರ್ಡ್ ಬರೋದು, ಇದು ಮಾಮೂಲು.

ನನಗೆ ಆದದ್ದು ಇಲ್ಲೇ, ನಮ್ಮ ರಾಜ್ಯದಲ್ಲೇ, ಒಂದು ಕಚೇರಿ ತಂಡಗಳ ಟೂರ್ನಿಯಲ್ಲಿ. ಹೆಸರು ಬೇಡ. ಎರಡು ಕಾಲಾಳು ಹೆಚ್ಚಿದ್ದೆ. ಸಭಾಂಗಣದ ಬಾಗಿಲು ಹಾಕುವ ಹೊತ್ತಾಯಿತು ಅಂತ ತೀರ್ಪಿಗೆ ಕಳಿಸಿದರು. ಡ್ರಾ ಅಂತ ಬಂತು! ಬೇರೆ ಬಣ್ಣದ ಒಂಟೆಗಳು ಕಣಯ್ಯಾ, ಎರಡಲ್ಲ ಮೂರು ಕಾಲಾಳಿದ್ದರೂ ಗೆಲ್ಲಲಾಗದು ಅಂದರು. ಮೂವತ್ತು ವರ್ಷ ಆಯಿತು. ಇವತ್ತು ಮೊಬೈಲಿನಲ್ಲಿ ಆ ಸ್ಥಿತಿ ಇಟ್ಟು ನೋಡಿದೆ. ಅವರು ಹೇಳಿದ್ದೇ ಸರಿ. ಆದರೂ ಹೊಟ್ಟೆಯುರಿ ಹೋಗಿಲ್ಲ.

ಕಾಲಾಳು · ಮಂಗಳವಾರ ಬೆಳಿಗ್ಗೆ 9:01

ತೀರ್ಪಿನ ಆಟ ಆಟವೇ ಅಲ್ಲ. ಎದುರಾಳಿ ಸುಸ್ತಾಗಿ ತಪ್ಪು ಮಾಡೋದೇ ಚೆಸ್. "ಇಬ್ಬರೂ ಸರಿಯಾಗಿ ಆಡಿದರೆ" ಅಂತೆ! ಇಬ್ಬರೂ ಸರಿಯಾಗಿ ಆಡಿದ್ದರೆ ಕೊನೇ ಬೋರ್ಡಿನಲ್ಲಿ ಯಾಕೆ ಕೂರುತ್ತಿದ್ದರು?

ಮಲೆನಾಡಿಗ ಲೀಡ್ಸಿನಲ್ಲಿ · ಮಂಗಳವಾರ ಮಧ್ಯಾಹ್ನ 3:15

ಈ ಜಗಳ ಇಂಗ್ಲೆಂಡಿನಲ್ಲಿ ದಶಕಗಟ್ಟಲೆ ನಡೆಯಿತು ಮಾರಾಯರೆ. ನನ್ನ ಕ್ಲಬ್ಬಿನ ಹಿರಿಯರು ಈಗಲೂ ತೀರ್ಪಿನ ಕಥೆ ತೆಗೆದರೆ ಟೀ ಆರಿಹೋಗುತ್ತದೆ. ಅದರಿಂದ ಆಟದ ರೀತಿಯೇ ಬದಲಾಗಿತ್ತು ಅನ್ನುತ್ತಾರೆ. ಕೊನೆಯ ಅರ್ಧ ಗಂಟೆಯಲ್ಲಿ ಎದುರಾಳಿಯನ್ನು ಸೋಲಿಸೋದಕ್ಕಿಂತ, ಕಾಗದದ ಮೇಲೆ ಚೆಂದ ಕಾಣುವ ಸ್ಥಿತಿಗೆ ಬಂದು ಕೂತರೆ ಸಾಕು. ಒಂದು ಕಾಲಾಳು ಹೆಚ್ಚು, ರಾಜ ಭದ್ರ, ಗಡಿಯಾರ ಓಡಲಿ. ಅತ್ತ ಸೋಲುತ್ತಿರುವವನು ಒಂದೊಂದು ನಡೆಗೂ ಹತ್ತು ನಿಮಿಷ ತಲೆ ಕೆರೆಯುತ್ತಾ, ಇನ್ನೂ ಸತ್ತಿಲ್ಲ ಅನ್ನುವ ಸ್ಥಿತಿಯಲ್ಲಿ ಗಂಟೆ ಹೊಡೆಸಿಕೊಳ್ಳುವುದು. ಇದಕ್ಕೂ ಒಂದು ಜಾಣತನ ಬೇಕಿತ್ತು, ಗೌರವ ಕೊಡಲು ಮಾತ್ರ ನನಗೆ ಮನಸ್ಸು ಬರುವುದಿಲ್ಲ.

ಕಪ್ಪುಮನೆ · ಮಂಗಳವಾರ ಸಂಜೆ 6:40

ಗಂಡಸರ ತೀರ್ಪಿನ ದುಃಖ ಸಾಕು. ಪಟ್ಟಿಯಲ್ಲಿ "ಮಿಸ್" ಅಂತ ಎಲ್ಲಾದರೂ ಇದೆಯಾ ನೋಡಿ ಹೇಳ್ತೀರಾ?

ಒಂಟೆಓರೆ · ಮಂಗಳವಾರ ಸಂಜೆ 7:22

ಇದೆ. ಅಲ್ಲೊಂದು ಇಲ್ಲೊಂದು. "ರೆವರೆಂಡ್", "ಡಾಕ್ಟರ್" ಮಾತ್ರ ಧಾರಾಳ.

ಕಪ್ಪುಮನೆ · ಮಂಗಳವಾರ ಸಂಜೆ 8:05

ಅದೇ ಹೇಳಬೇಕು ಅಂದುಕೊಂಡಿದ್ದೆ. ಮಾಸ್ಕೋದಲ್ಲಿ ಹುಟ್ಟಿದ ವೆರಾ ಮೆಂಚಿಕ್ 1921ರಲ್ಲಿ ಹೇಸ್ಟಿಂಗ್ಸಿಗೆ ಬಂದಳು, ಸಸೆಕ್ಸ್ ಕೌಂಟಿಯ ಸಮುದ್ರದಂಡೆಯ ಊರು. 1923ರಲ್ಲಿ ಅಲ್ಲಿನ ಚೆಸ್ ಕ್ಲಬ್ ಸೇರಿದಳು. ಭಾಷೆ ಬರದ ಹುಡುಗಿ, ಮಾತಿಲ್ಲದೆ ಕೂತು ಆಡುವ ಆಟ ಒಳ್ಳೇದಾಯಿತು. ಹಂಗೇರಿಯ ಹೆಸರಾಂತ ಆಟಗಾರ ಮಾರೋಟ್ಸಿ ಆ ದಿನಗಳಲ್ಲಿ ಅದೇ ಊರಲ್ಲಿದ್ದ, ಅವನ ಬಳಿ ಕಲಿತಳು. 1927ರಲ್ಲಿ ಲಂಡನ್ನಿನಲ್ಲಿ ಮೊದಲ ಮಹಿಳಾ ವಿಶ್ವ ಚಾಂಪಿಯನ್: 11 ಆಟಕ್ಕೆ 10½ ಅಂಕ. ಸಾಯುವ ತನಕ ಪಟ್ಟ ಬಿಟ್ಟುಕೊಡಲಿಲ್ಲ.

ದೇಶದ ಲೆಕ್ಕದಲ್ಲಿ ಅವಳು ರಷ್ಯಾ, ಆಮೇಲೆ ಜೆಕೊಸ್ಲೊವಾಕಿಯಾ. 1937ರಲ್ಲಿ ಸ್ಟೀವನ್‌ಸನ್‌ರನ್ನು ಮದುವೆಯಾದ ಮೇಲೆಯೇ ಇಂಗ್ಲೆಂಡಿನವಳಾದದ್ದು. ಕೌಂಟಿಗೆ ಅದೆಲ್ಲ ಬೇಕಿರಲಿಲ್ಲ. ಅಲ್ಲಿ ಹುಟ್ಟಿದೀಯಾ, ಅಥವಾ ಅಲ್ಲಿ ವಾಸ ಇದೀಯಾ, ಅಷ್ಟೇ ಪ್ರಶ್ನೆ.

ಆ ಸ್ಟೀವನ್‌ಸನ್ ಯಾರೆಂದರೆ ಕೆಂಟ್ ಕೌಂಟಿ ಚೆಸ್‌ನ ಬೆನ್ನೆಲುಬು, ಮುಂದೆ ಫೆಡರೇಷನ್ನಿನ ಕಾರ್ಯದರ್ಶಿ. ಅವರ ಮೊದಲ ಹೆಂಡತಿ ಆಗ್ನೆಸ್ ನಾಲ್ಕು ಸಲ ಬ್ರಿಟಿಷ್ ಮಹಿಳಾ ಚಾಂಪಿಯನ್. 1935ರಲ್ಲಿ ವಾರ್ಸಾಗೆ ಆಡಲು ಹೋಗುವಾಗ ಪೋಜ್ನಾನಿನಲ್ಲಿ ವಿಮಾನದ ತಿರುಗುವ ಪ್ರೊಪೆಲ್ಲರಿಗೆ ಸಿಕ್ಕಿ ಸತ್ತರು. ಎರಡನೇ ಹೆಂಡತಿ ವೆರಾ 1944ರ ಜೂನಿನಲ್ಲಿ ಕ್ಲಾಪಮ್ಮಿನ ಮನೆ ಮೇಲೆ ಜರ್ಮನಿಯ ಹಾರುಬಾಂಬ್ ಬಿದ್ದು ತಾಯಿ, ತಂಗಿಯ ಜೊತೆ ಹೋದಳು. ಪಟ್ಟಿಯ ಆ ಒಂದು ಸಾಲಿನ ಹಿಂದೆ ಇಷ್ಟೆಲ್ಲ ಇರುತ್ತದೆ ಒಂಟೆಓರೆ.

ಶಟಲ್‌ಶ್ರೀ · ಮಂಗಳವಾರ ರಾತ್ರಿ 10:15

ಚೆಸ್ ನನ್ನ ಕ್ಷೇತ್ರ ಅಲ್ಲ, ಬ್ಯಾಡ್ಮಿಂಟನ್. ಆದರೂ ಒಂದು ಮಾತು. ನಿಮ್ಮ ಪಟ್ಟಿಯಲ್ಲಿ ಸರ್ ಜಾರ್ಜ್ ಥಾಮಸ್ ಅಂತ ಇದ್ದರೆ ಆ ಹೆಸರಿಗೊಂದು ನಮಸ್ಕಾರ ಹಾಕಿ. ಥಾಮಸ್ ಕಪ್‌ನ ಥಾಮಸ್ ಅವರೇ. 1920ರಿಂದ 1923ರವರೆಗೆ ಸತತ ನಾಲ್ಕು ಸಲ ಆಲ್ ಇಂಗ್ಲೆಂಡ್ ಸಿಂಗಲ್ಸ್ ಗೆದ್ದವರು. ನಮ್ಮ ಪ್ರಕಾಶ್ ಪಡುಕೋಣೆ 1980ರಲ್ಲಿ ಗೆದ್ದರಲ್ಲ, ಅದೇ ಪಟ್ಟ. ಅದೇ 1923ರಲ್ಲಿ ಥಾಮಸ್ ಚೆಸ್‌ನಲ್ಲೂ ಬ್ರಿಟಿಷ್ ಚಾಂಪಿಯನ್!

2022ರಲ್ಲಿ ಭಾರತ ಥಾಮಸ್ ಕಪ್ ಗೆದ್ದಾಗ ಬೆಂಗಳೂರಿನ ಪಡುಕೋಣೆ ಅಕಾಡೆಮಿಯಲ್ಲಿ ಬೆಳೆದ ಲಕ್ಷ್ಯ ಸೇನ್ ಮೊದಲ ಸಿಂಗಲ್ಸ್ ಆಡಿದ್ದು ನೆನಪಿದೆಯಾ? ಅಲ್ಲೂ ಹೀಗೇ, ಒಬ್ಬೊಬ್ಬರು ಒಂಟಿಯಾಗಿ ಆಡಿ ಗೆದ್ದದ್ದನ್ನು ಕೂಡಿಸಿ ತಂಡದ ಫಲಿತಾಂಶ.

ಮಲೆನಾಡಿಗ ಲೀಡ್ಸಿನಲ್ಲಿ · ಬುಧವಾರ ನಡುರಾತ್ರಿ 12:30

ಶಟಲ್‌ಶ್ರೀ, ಚೆನ್ನಾಗಿ ಹೇಳಿದಿರಿ. ಅವರ ತಾಯಿ ಲೇಡಿ ಎಡಿತ್ ಥಾಮಸ್ 1895ರಲ್ಲಿ ಹೇಸ್ಟಿಂಗ್ಸಿನಲ್ಲಿ ನಡೆದ ಮಹಿಳೆಯರ ಟೂರ್ನಿ ಗೆದ್ದವರು. ಥಾಮಸ್ ಸ್ವತಃ 1934–35ರ ಹೇಸ್ಟಿಂಗ್ಸಿನಲ್ಲಿ ಕ್ಯಾಪಾಬ್ಲಾಂಕಾ, ಬೊಟ್ವಿನಿಕ್ ಇಬ್ಬರನ್ನೂ ಸೋಲಿಸಿ ಯೂವ, ಫ್ಲೋರ್ ಜೊತೆ ಮೊದಲ ಸ್ಥಾನ ಹಂಚಿಕೊಂಡರು, ಐವತ್ತು ದಾಟಿದ ವಯಸ್ಸಿನಲ್ಲಿ.

1927ರ ಜುಲೈನಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸೆಂಟ್ರಲ್ ಹಾಲಿನಲ್ಲಿ ಮೊದಲ ಚೆಸ್ ಒಲಿಂಪಿಯಾಡ್ (ದೇಶ ದೇಶಗಳ ತಂಡದ ಸ್ಪರ್ಧೆ) ನಡೆಯಿತು, 16 ದೇಶ. ಹಂಗೇರಿ ಮೊದಲು, ಡೆನ್ಮಾರ್ಕ್ ಎರಡು, ಇಂಗ್ಲೆಂಡ್ ಮೂರು. ಇಂಗ್ಲೆಂಡ್ ಪರ ಕೂತವರು ಯಾರು ನೋಡಿ. ಅಟ್ಕಿನ್ಸ್, ಹಡರ್ಸ್‌ಫೀಲ್ಡಿನಲ್ಲಿ ಶಾಲೆಯ ಮುಖ್ಯೋಪಾಧ್ಯಾಯ, ಒಂಬತ್ತು ಸಲ ಬ್ರಿಟಿಷ್ ಚಾಂಪಿಯನ್. ಯೇಟ್ಸ್, ಯಾರ್ಕ್‌ಷೈರಿನ ಬರ್ಸ್ಟಲ್ಲಿನವನು, ಅಕೌಂಟ್ಸ್ ಕೆಲಸ ಬಿಟ್ಟು ಚೆಸ್ ಅಂಕಣ ಬರೆದು ಹೊಟ್ಟೆ ಹೊರೆದವನು. ಥಾಮಸ್, ಬ್ಯಾರೊನೆಟ್, ಅಂದರೆ ವಂಶಪಾರಂಪರ್ಯವಾಗಿ ಬರುವ 'ಸರ್' ಬಿರುದಿನವನು. ಮಿಚೆಲ್, ನೌಕಾ ಇಲಾಖೆಯ ಸರ್ಕಾರಿ ನೌಕರ. ಸ್ಪೆನ್ಸರ್, ಲಿವರ್‌ಪೂಲಿನವನು. ಹೊಟ್ಟೆಪಾಡಿಗೆ ಚೆಸ್ ನೆಚ್ಚಿಕೊಂಡವನು ಅದರಲ್ಲಿ ಯೇಟ್ಸ್ ಒಬ್ಬನೇ. ಉಳಿದವರಿಗೆ ಚೆಸ್ ಅಂದರೆ ಕ್ಲಬ್ಬು, ಶನಿವಾರ, ರಜೆಯ ಟೂರ್ನಿ. ಇಂಥವರನ್ನು ಬೆಳೆಸಿದ ಹೊಲ ಇದೇ. ಯಾರ್ಕ್‌ಷೈರಿನೊಳಗೇ ವುಡ್‌ಹೌಸ್ ಕಪ್ ಅಂತ 1880ರ ದಶಕದಿಂದ ಊರು ಊರಿನ ಕ್ಲಬ್ಬುಗಳು ಬಡಿದಾಡಿಕೊಂಡು ಬಂದಿವೆ, ಅಲ್ಲಿ ಪಳಗಿದವರು ಕೌಂಟಿಗೆ. ಮತ್ತೆ ಯಾರ್ಕ್‌ಷೈರ್–ಲ್ಯಾಂಕಾಷೈರ್ ಪಂದ್ಯ, ಎರಡು ಕೌಂಟಿಗಳ ಲಾಂಛನದಂತೆ ಬಿಳಿ ಗುಲಾಬಿ ಕೆಂಪು ಗುಲಾಬಿ. ಕ್ರಿಕೆಟ್ಟಿನಲ್ಲಿ ಇರುವಷ್ಟೇ ಮುನಿಸು ಇಲ್ಲೂ ಉಂಟು. ನಾನು ಹೊರಗಿನವನು, ನನಗೂ ಅಂಟಿಕೊಂಡಿದೆ, ಏನು ಮಾಡೋದು.

ಯೇಟ್ಸ್‌ನ ಕೊನೆ ಮಾತ್ರ ಮನಸ್ಸು ಕಲಕುತ್ತದೆ. ಆರು ಸಲ ಬ್ರಿಟಿಷ್ ಚಾಂಪಿಯನ್, ಅಲೆಖೈನನನ್ನು ಸೋಲಿಸಿದವನು. 1932ರ ನವೆಂಬರಿನಲ್ಲಿ ಲಂಡನ್ನಿನ ಬಾಡಿಗೆ ಕೋಣೆಯಲ್ಲಿ ಗ್ಯಾಸ್ ಸೋರಿ ನಿದ್ದೆಯಲ್ಲೇ ಸತ್ತ.

ಕಾಲಾಳು · ಬುಧವಾರ ಬೆಳಿಗ್ಗೆ 8:50

ಎಲ್ಲ ಸರಿ. ನಮ್ಮವನೊಬ್ಬ ಅಲ್ಲಿಗೆ ಹೋಗಿ ಎಲ್ಲರನ್ನೂ ಬಡಿದು ಬಂದ. ಸುಲ್ತಾನ್ ಖಾನ್. ಅವನ ಹೆಸರೇ ಯಾರೂ ಎತ್ತಲಿಲ್ಲ.

ಅಂಚೆಪೇಟೆ · ಬುಧವಾರ ಬೆಳಿಗ್ಗೆ 10:12

ಎತ್ತೋಣ, ಆದರೆ ಸರಿಯಾದ ಜಾಗದಲ್ಲಿ. ಪಂಜಾಬಿನ ಮೀರ್ ಸುಲ್ತಾನ್ ಖಾನ್ 1929ರಲ್ಲಿ ಸರ್ ಉಮರ್ ಹಯಾತ್ ಖಾನ್ ಅವರ ಪರಿವಾರದ ಜೊತೆ ಲಂಡನ್ನಿಗೆ ಹೋದವನು. ಅದೇ ವರ್ಷ ರಾಮ್ಸ್‌ಗೇಟಿನಲ್ಲಿ ಬ್ರಿಟಿಷ್ ಚಾಂಪಿಯನ್, ಮತ್ತೆ 1932, 1933. ಹೇಸ್ಟಿಂಗ್ಸಿನಲ್ಲಿ ಕ್ಯಾಪಾಬ್ಲಾಂಕಾನನ್ನು ಸೋಲಿಸಿದ. ಇಂಗ್ಲೆಂಡಿನ ಪರ ಮೂರು ಒಲಿಂಪಿಯಾಡ್ ಆಡಿದ. ಅದರಲ್ಲಿ ಕೊನೆಯದು 1933ರದು, ಕೆಂಟ್ ಕೌಂಟಿಯ ಫೋಕ್‌ಸ್ಟನ್ನಿನಲ್ಲಿ. ಆಮೇಲೆ ಯಜಮಾನನ ಜೊತೆ ವಾಪಸ್. ಫಿಡೆ ಗೌರವ ಗ್ರ್ಯಾಂಡ್‌ಮಾಸ್ಟರ್ ಬಿರುದು ಕೊಟ್ಟದ್ದು 2024ರಲ್ಲಿ, ಸತ್ತು ಅರ್ಧ ಶತಮಾನ ಕಳೆದ ಮೇಲೆ.

ಆದರೆ ಅವನ ಕಥೆ ಬೇರೆ ತರಹದ್ದು. ಯಜಮಾನ ಹೋದಲ್ಲಿ ಹೋಗಬೇಕು, ಬಾ ಎಂದಾಗ ಬರಬೇಕು. ಕೌಂಟಿ ಚೆಸ್ ಅನ್ನುವುದು ಊರಲ್ಲಿ ಬೇರು ಬಿಟ್ಟವರ ಆಟ. ಇಪ್ಪತ್ತು ವರ್ಷ ಒಂದೇ ತಂಡ, ಅದೇ ಹತ್ತನೇ ಬೋರ್ಡು, ಅದೇ ರೈಲು. ನಾಲ್ಕು ವರ್ಷದಲ್ಲಿ ಮೂರು ಸಲ ದೇಶ ಗೆದ್ದವನಿಗೆ ಆ ಬೇರು ಬಿಡುವ ಸ್ವಾತಂತ್ರ್ಯವೇ ಇರಲಿಲ್ಲ ಕಣ್ರೀ.

ಕಾಲಾಳು · ಬುಧವಾರ ಬೆಳಿಗ್ಗೆ 10:20

ಒಪ್ಪಿದೆ. ಈ ಸಲ ತಮಾಷೆ ಇಲ್ಲ.

ಒಂಟೆಓರೆ · ಬುಧವಾರ ರಾತ್ರಿ 9:30

ಇನ್ನೊಂದು ಅನುಮಾನ. ಮಿಡ್ಲ್‌ಸೆಕ್ಸ್ ಅಂತ ಮತ್ತೆ ಮತ್ತೆ ಬರುತ್ತೆ. ನಕ್ಷೆಯಲ್ಲಿ ಹುಡುಕಿದೆ, ಆ ಕೌಂಟಿಯೇ ಇಲ್ಲ!

ಮಲೆನಾಡಿಗ ಲೀಡ್ಸಿನಲ್ಲಿ · ಗುರುವಾರ ನಡುರಾತ್ರಿ 12:10

ಹ್ಹ! ಬರೋಡಾ ರಾಜ್ಯ ಎಲ್ಲಿದೆ ಹೇಳಿ? ಸೌರಾಷ್ಟ್ರ ರಾಜ್ಯ? ರಣಜಿಯಲ್ಲಿ ಮಾತ್ರ ಇದೆ. ಮಿಡ್ಲ್‌ಸೆಕ್ಸ್ ಹಾಗೇ. 1889ರಲ್ಲಿ ಅದರ ಒಂದು ತುಂಡು ಲಂಡನ್ ಕೌಂಟಿಗೆ ಹೋಯಿತು, 1965ರಲ್ಲಿ ಉಳಿದದ್ದರಲ್ಲಿ ಬಹುಪಾಲು ಗ್ರೇಟರ್ ಲಂಡನ್ನಿನಲ್ಲಿ ಕರಗಿತು. ಕ್ರಿಕೆಟ್ ತಂಡ ಉಳಿಯಿತು, ಚೆಸ್ ತಂಡವೂ ಉಳಿಯಿತು.

ಯುದ್ಧಗಳ ನಡುವೆ ಅದು ದೈತ್ಯ. ಕಾರಣ ಗೂಢವೇನಲ್ಲ, ರೈಲು. ಮೆಟ್ರೊಪಾಲಿಟನ್ ರೈಲು ಹೋದಲ್ಲೆಲ್ಲ ಹೊಸ ಬಡಾವಣೆ. ಕೌಂಟಿಯ ಜನಸಂಖ್ಯೆ 1921ರಲ್ಲಿ ಹನ್ನೆರಡೂವರೆ ಲಕ್ಷ ಇದ್ದದ್ದು 1931ಕ್ಕೆ ಹದಿನಾರು ಲಕ್ಷ ದಾಟಿತು. ಲಂಡನ್ನಿನ ಕಚೇರಿಗಳಲ್ಲಿ ಕೆಲಸ, ಸಂಜೆ ಸಿಟಿ ಆಫ್ ಲಂಡನ್ ಕ್ಲಬ್ಬಿನಲ್ಲೋ ಬಜ್ ರೋನ ಗ್ಯಾಂಬಿಟ್ ಕೆಫೆಯಲ್ಲೋ ಆಟ, ರಾತ್ರಿ ಬಡಾವಣೆಯ ಮನೆ. ಹದಿನೈದನೇ ಬೋರ್ಡಿಗೂ ಗಟ್ಟಿ ಆಟಗಾರ ಸಿಗುತ್ತಿದ್ದ. ಅತ್ತ ಕಾರ್ನ್‌ವಾಲಿನವರಿಗೆ ಒಂದು ತಂಡ ಕೂಡಿಸಬೇಕೆಂದರೆ ಅರ್ಧ ಕೌಂಟಿ ಸುತ್ತಬೇಕು. ಮೊದಲ ಮೂರು ಬೋರ್ಡು ನೋಡಿದರೆ ಗೊತ್ತಾಗದು. ಪಟ್ಟಿಯ ಕೆಳಗಿನ ಅರ್ಧ ನೋಡಿ, ಯಾವುದು ದೊಡ್ಡ ಊರಿನ ಕೌಂಟಿ ಅಂತ ಅಲ್ಲಿ ಕಾಣುತ್ತೆ.

ಕಪ್ಪುಮನೆ · ಗುರುವಾರ ಬೆಳಿಗ್ಗೆ 9:45

ಪಶ್ಚಿಮವನ್ನು ಅಷ್ಟು ಬೇಗ ತಳ್ಳಿಹಾಕಬೇಡಿ. ಡೆವನ್ನಿನ ಪ್ಲಿಮತ್ತಿನ ರೊವೆನಾ ಡ್ಯೂ 1935ರಲ್ಲಿ ಹುಡುಗಿಯರ ವಿಶ್ವ ಪಟ್ಟ ಗೆದ್ದಳು, 1937ರಲ್ಲಿ ಬ್ರಿಟಿಷ್ ಮಹಿಳಾ ಚಾಂಪಿಯನ್.

ಅಂಚೆಪೇಟೆ · ಗುರುವಾರ ಮಧ್ಯಾಹ್ನ 1:05

ದೂರದ ಕೌಂಟಿಗಳಿಗೆ ಇನ್ನೊಂದು ದಾರಿ ಇತ್ತು, ನನ್ನ ಇಲಾಖೆಯದು! ಅಂಚೆ ಚೆಸ್. ಕೌಂಟಿ ಕೌಂಟಿಗಳ ನಡುವೆ ಕಾರ್ಡಿನಲ್ಲೇ ಪಂದ್ಯ. ರೈಲು ಬೇಡ, ತೀರ್ಪಿನ ಗಡಿಬಿಡಿ ಇಲ್ಲ, ಒಂದು ಆಟ ತಿಂಗಳುಗಟ್ಟಲೆ. ಒಂದು ಖರ್ಚಿನ ವಿಷಯ: ಬ್ರಿಟನ್ನಿನಲ್ಲಿ 1918ರವರೆಗೆ ಪೋಸ್ಟ್‌ಕಾರ್ಡಿಗೆ ಅರ್ಧ ಪೆನ್ನಿ. ಯುದ್ಧದಿಂದ ಒಂದು ಪೆನ್ನಿಯಾಯಿತು, 1921ರಲ್ಲಿ ಒಂದೂವರೆ, 1922ರಲ್ಲಿ ಮತ್ತೆ ಒಂದಕ್ಕೆ ಇಳಿಯಿತು. ನಲವತ್ತು ನಡೆಯ ಆಟವೆಂದರೆ ಒಬ್ಬನಿಗೆ ನಲವತ್ತು ಕಾರ್ಡು. ಏಕಕಾಲಕ್ಕೆ ನಾಲ್ಕು ಆಟ ಆಡುವ ಗುಮಾಸ್ತನಿಗೆ ಆ ಅರ್ಧ ಪೆನ್ನಿ ದೊಡ್ಡದೇ.

ಕಾರ್ಡು ಬೇಕಾದದ್ದು ಆಟಕ್ಕೆ ಮಾತ್ರ ಅಲ್ಲ. ತಂಡದ ನಾಯಕನ ಪಾಡು ಯೋಚಿಸಿ. ಫೋನ್ ಇರುವ ಮನೆ ಕಡಿಮೆ. ಶನಿವಾರಕ್ಕೆ ಬರ್ತೀಯಾ, ಇಂಥ ರೈಲು, ಇಂಥ ಹಾಲು, ಅಂತ ಪ್ರತಿಯೊಬ್ಬನಿಗೂ ಕಾರ್ಡ್. "ನೆಗಡಿ, ಬರಲಾಗದು" ಅಂತ ಶುಕ್ರವಾರ ಸಂಜೆ ಉತ್ತರ. ಮತ್ತೆ ಓಟ. ಜನ ಸಾಲದಿದ್ದರೆ ಆ ಬೋರ್ಡು ಆಡದೆಯೇ ಎದುರಾಳಿಗೆ. ಪಟ್ಟಿಯಲ್ಲಿ ನಾಯಕನ ಹೆಸರು ಎಲ್ಲೋ ನಡುವೆ ಇರುತ್ತದೆ, ಅವನ ಫಲಿತಾಂಶ ಹೆಚ್ಚಾಗಿ ಸೊನ್ನೆ. ಆಡೋಕೆ ತಲೆಯಲ್ಲಿ ಜಾಗ ಎಲ್ಲಿ ಉಳಿದಿರುತ್ತೆ!

ಶಟಲ್‌ಶ್ರೀ · ಗುರುವಾರ ಮಧ್ಯಾಹ್ನ 1:30

ಬ್ಯಾಡ್ಮಿಂಟನ್ ಕ್ಲಬ್ಬಿನ ಸೆಕ್ರೆಟರಿಯಾಗಿ ಕಣ್ಣೀರು ಬಂತು.

ಮಲೆನಾಡಿಗ ಲೀಡ್ಸಿನಲ್ಲಿ · ಗುರುವಾರ ಸಂಜೆ 7:50

ಕೌಂಟಿ ಸಂಘಗಳು ಪಂದ್ಯ ಮಾತ್ರ ನಡೆಸಿ ಸುಮ್ಮನಿರಲಿಲ್ಲ ಅನ್ನೋದನ್ನೂ ಸೇರಿಸಬೇಕು. ಕೆಂಟ್‌ನವರು ಈಸ್ಟರ್ ರಜೆಯಲ್ಲಿ ಮಾರ್ಗೇಟಿನಲ್ಲಿ ಟೂರ್ನಿ ನಡೆಸುತ್ತಿದ್ದರು. 1935ರಲ್ಲಿ ಅಲ್ಲಿ ರೆಷೆವ್‌ಸ್ಕಿ ಕ್ಯಾಪಾಬ್ಲಾಂಕಾನನ್ನು ಸೋಲಿಸಿ ಗೆದ್ದ. 1936ರಲ್ಲಿ ಫ್ಲೋರ್, 1937ರಲ್ಲಿ ಫೈನ್ ಮತ್ತು ಕೆರೆಸ್ ಜಂಟಿಯಾಗಿ, 1938ರಲ್ಲಿ ಅಲೆಖೈನ್, 1939ರಲ್ಲಿ ಮತ್ತೆ ಕೆರೆಸ್. ಒಂದು ಜಿಲ್ಲಾ ಸಂಘ ಇಂಥವರನ್ನೆಲ್ಲ ಕರೆಸುತ್ತಿತ್ತು ಅಂದರೆ ಊಹಿಸಿ. ಆ ದಶಕದಲ್ಲಿ ಕೆಂಟ್ ಸಂಘದ ಅಧ್ಯಕ್ಷ ಲಾರ್ಡ್ ಡನ್ಸನಿ, ಕಥೆಗಾರ. ಬರೀ ಅಲಂಕಾರಕ್ಕೆ ಕೂತ ಅಧ್ಯಕ್ಷನಲ್ಲ. 1929ರಲ್ಲಿ ಕ್ಯಾಪಾಬ್ಲಾಂಕಾ ಒಟ್ಟಿಗೆ ಹಲವರ ಜೊತೆ ಆಡಿದಾಗ ಡ್ರಾ ಮಾಡಿಕೊಂಡವನು.

ಒಂಟೆಓರೆ · ಗುರುವಾರ ರಾತ್ರಿ 9:15

ಇದೆಲ್ಲ ನಿಂತದ್ದು 1939ರಲ್ಲಾ?

ಅಂಚೆಪೇಟೆ · ಗುರುವಾರ ರಾತ್ರಿ 9:58

ಹೌದು. ಒಂದು ವಿಚಿತ್ರ ನೋಡಿ. ಅಲ್ಲಿ ಚೆಸ್ ಚಳಿಗಾಲದ ಆಟ, ಬೇಸಿಗೆ ಕ್ರಿಕೆಟ್ಟಿಗೆ. ಮೊದಲ ಯುದ್ಧ 1914ರ ಆಗಸ್ಟ್ 4, ಎರಡನೆಯದು 1939ರ ಸೆಪ್ಟೆಂಬರ್ 3. ಎರಡು ಸಲವೂ ನಾಯಕರು ಹೊಸ ಸೀಸನ್ನಿನ ತಾರೀಕು ಹಾಕಿಕೊಂಡು ಕೂತಿದ್ದ ಹೊತ್ತಿಗೇ ಬಂತು.

1939ರಲ್ಲಿ ಇಂಗ್ಲೆಂಡ್ ತಂಡ ಬ್ಯೂನಸ್ ಐರಿಸ್ಸಿನ ಒಲಿಂಪಿಯಾಡಿನಲ್ಲಿತ್ತು. ಯುದ್ಧ ಘೋಷಣೆಯಾಗುತ್ತಲೇ ಫೈನಲ್ ಬಿಟ್ಟು ಅಲೆಕ್ಸಾಂಡರ್, ಮಿಲ್ನರ್-ಬ್ಯಾರಿ, ಗೊಲಂಬೆಕ್ ಹಡಗು ಹತ್ತಿದರು. ಮೂವರೂ ಬ್ಲೆಚ್ಲಿ ಪಾರ್ಕಿನಲ್ಲಿ ಜರ್ಮನ್ ಗುಪ್ತಸಂಕೇತ ಬಿಡಿಸಲು ಸೇರಿದರು. 1852ರಲ್ಲಿ ಹುಟ್ಟಿದ ಸಿಟಿ ಆಫ್ ಲಂಡನ್ ಕ್ಲಬ್ ಅದೇ 1939ರಲ್ಲಿ ಮುಚ್ಚಿತು. ಆಕ್ಸ್‌ಫರ್ಡ್ ಸ್ಟ್ರೀಟಿನ ಜಾನ್ ಲೂಯಿಸ್ ಅಂಗಡಿಯಲ್ಲಿ ಆಗಷ್ಟೇ ತೆರೆದಿದ್ದ ರಾಷ್ಟ್ರೀಯ ಚೆಸ್ ಕೇಂದ್ರ, ನೋಡಿಕೊಳ್ಳುತ್ತಿದ್ದವಳು ಕಪ್ಪುಮನೆಯವರ ವೆರಾ ಮೆಂಚಿಕ್, 1940ರ ಸೆಪ್ಟೆಂಬರಿನ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು.

ಒಂಟೆಓರೆ · ಶುಕ್ರವಾರ ಬೆಳಿಗ್ಗೆ 6:55

ರಾತ್ರಿ ಮತ್ತೆ ಪಟ್ಟಿಗಳನ್ನು ತೆಗೆದು ಕೂತೆ. ಈ ಸಲ ಕೆಳಗಿನಿಂದ ಮೇಲಕ್ಕೆ ಓದಿದೆ. ಒಬ್ಬ ಪಾದ್ರಿ ನನ್ನ ಹತ್ತಿರ ಇರುವ ಅಷ್ಟೂ ಸಂಚಿಕೆಗಳಲ್ಲಿ ಅದೇ ಕೌಂಟಿಗೆ, ಕೊನೆಯ ಎರಡು ಬೋರ್ಡುಗಳಲ್ಲೇ ಆಡಿದಾನೆ. ಡ್ರಾ, ಡ್ರಾ, ಸೋಲು, ಡ್ರಾ, ತೀರ್ಪಿನಿಂದ ಡ್ರಾ. ಗೆಲುವು ಒಂದೂ ಸಿಗಲಿಲ್ಲ. ಮುಂದಿನ ಸಂಚಿಕೆ ಹುಳ ತಿಂದಿದೆ.

ಕಾಲಾಳು · ಶುಕ್ರವಾರ ಬೆಳಿಗ್ಗೆ 7:30

ಹುಳ ತಿಂದ ಪುಟದಲ್ಲಿ ಗೆದ್ದಿದಾನೆ ಬಿಡಿ. ನನ್ನ ತೀರ್ಪು.

ಮಲೆನಾಡಿಗ ಲೀಡ್ಸಿನಲ್ಲಿ · ಶುಕ್ರವಾರ ರಾತ್ರಿ 11:20

ನಾಳೆ ಕೌಂಟಿ ಪಂದ್ಯ, 16 ಬೋರ್ಡು, ನಾನು ಹದಿನಾಲ್ಕನೆಯವನು. ಬೆಳಿಗ್ಗೆ ಬೇಗ ಹೊರಡಬೇಕು, ಉಳಿದದ್ದು ಬಂದಮೇಲೆ ಬರೀತೀನಿ. ಈಗಷ್ಟೇ ನಾಯಕನ ವಾಟ್ಸಾಪ್ ಬಂತು: ಒಬ್ಬನಿಗೆ ನೆಗಡಿಯಂತೆ, ಬದಲಿಗೆ ಯಾರಾದರೂ ಸಿಗ್ತಾರಾ ಅಂತ.